ಸಾರಕೋಷ್ಟಕವೂ ಅದರ ವೇಷವೂ

ಲೆಕ್ಕವನ್ನು ಬರೆದಿಡುವುದು ಒಂದು ವಿದ್ಯೆ. ಬರೆದಿಟ್ಟ ಲೆಕ್ಕವನ್ನು ಇತರರು ಓದಿ ತಿಳಿಯುವಂತೆ ಜೋಡಿಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮ ಶಾಲೆಗಳು ಬಹುಕಾಲದಿಂದ ಕಲಿಸುತ್ತ ಬಂದಿವೆ. ಎರಡನೆಯದರ ಕಡೆಗೆ ನಮ್ಮ ಲಕ್ಷ್ಯ ಹರಿದುದು ಕಡಮೆ. ಇಂದು ಗಣಕಯಂತ್ರವು ಶಾಲೆಯ ಕೊಠಡಿಗೂ ಸೊಸೈಟಿಯ ಕಚೇರಿಗೂ ಅನೇಕ ಮನೆಗಳಿಗೂ ಬಂದಿರುವುದರಿಂದ ಈ ಎರಡನೆಯ ವಿದ್ಯೆಯನ್ನು ಮಕ್ಕಳೂ ಹೆತ್ತವರೂ ಸ್ವಲ್ಪಮಟ್ಟಿಗಾದರೂ ಅರಿತಿರುವುದು ಅವಶ್ಯವೆಂದು ಭಾವಿಸಿ, ಸಾರಕೋಷ್ಟಕವೆಂದರೇನು, ಅದಕ್ಕೆ ತಕ್ಕ ರೂಪವನ್ನು ಕೊಡುವುದು ಹೇಗೆ ಎಂಬ ವಿಷಯವನ್ನು ಈ ಲೇಖನದಲ್ಲಿ ವಿವರಿಸಲು ಬಯಸಿದ್ದೇವೆ.

ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆದುಕೊಳ್ಳಿರಿ. ಅದರಲ್ಲಿ ಒಂದೊಂದು ಮಗುವಿಗೆ ಒಂದೊಂದು ಸಾಲು. ಹೆಸರು, ತರಗತಿ, ಊರು, ಸೇರಿದ ವರ್ಷ ಎಂದು ವಿವರಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುತ್ತವೆ. ಪುಸ್ತಕದಲ್ಲಿ ಎಲ್ಲವೂ ಇದೆ. ಆದರೆ 'ಏಳನೆಯ ತರಗತಿಯಲ್ಲಿ ಎಷ್ಟು ಮಕ್ಕಳು? ಕಳೆದ ವರ್ಷಕ್ಕಿಂತ ಹೆಚ್ಚೋ ಕಡಮೆಯೋ?' ಎಂದು ಯಾರಾದರೂ ಕೇಳಿದರೆ ಪುಸ್ತಕವು ಒಡನೆ ಉತ್ತರ ಕೊಡಲಾರದು. ಬೆರಳಿಟ್ಟು ಎಣಿಸಬೇಕು. ಈ ಎಣಿಕೆಯ ಕೆಲಸವನ್ನು ಗಣಕವು ನಿಮಿಷಮಾತ್ರದಲ್ಲಿ ಮಾಡಿ, ತರಗತಿಗಳನ್ನು ಎಡಬದಿಗೂ ವರ್ಷಗಳನ್ನು ಮೇಲಕ್ಕೂ ಇರಿಸಿ, ನಡುವಣ ಮನೆಗಳಲ್ಲಿ ಎಣಿಕೆಗಳನ್ನು ತುಂಬಿ, ಕೆಳಗೆ ಮೊತ್ತವನ್ನು ಬರೆದುಕೊಡುತ್ತದೆ. ಇದೇ ಸಾರಕೋಷ್ಟಕ. ಬಳಕೆಯಲ್ಲಿ ಇದನ್ನು ಪಿವಟ್ ಟೇಬಲ್ ಎನ್ನುತ್ತಾರೆ. ಪಿವಟ್ ಎಂದರೆ ತಿರುಗುಗೂಟ. ಎಡಬದಿಯಲ್ಲಿದ್ದುದನ್ನು ಮೇಲಕ್ಕೂ ಮೇಲಿದ್ದುದನ್ನು ಎಡಕ್ಕೂ ಕ್ಷಣದಲ್ಲಿ ತಿರುಗಿಸಬಹುದಾದುದರಿಂದ ಆ ಹೆಸರು ಬಂದಿತು.

ಇದರ ಇತಿಹಾಸವು ದೀರ್ಘವಾದುದೇನಲ್ಲ. ಗಣಕದ ಲೆಕ್ಕದ ಹಾಳೆಯನ್ನು ಸಾಮಾನ್ಯ ಜನರ ಕೈಗೆ ಮೊದಲು ತಂದುದು 1979ರಲ್ಲಿ ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ರಚಿಸಿದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ. ಬದಿಗಳನ್ನು ತಿರುಗಿಸಿ ನೋಡುವ ಅನುಕೂಲವು 1991ರಲ್ಲಿ ಲೋಟಸ್ ಇಂಪ್ರೊವ್ ಎಂಬುದರಲ್ಲಿ ಕಾಣಿಸಿಕೊಂಡಿತು. 1993ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್‌ನ ಐದನೆಯ ಆವೃತ್ತಿಯು ಪಿವಟ್ ಟೇಬಲ್ ಎಂಬ ಹೆಸರಿನೊಡನೆ ಅದನ್ನು ಕಚೇರಿಕಚೇರಿಗೂ ಮುಟ್ಟಿಸಿತು. ಕೋಷ್ಟಕಕ್ಕೆ ಸಿದ್ಧರೂಪಗಳನ್ನು ತೊಡಿಸುವ ಇಂದಿನ ಕ್ರಮವು 2007ರ ಎಕ್ಸೆಲ್‌ನಿಂದ ಬಳಕೆಗೆ ಬಂದುದು.

ರೂಪವೆಂದೊಡನೆ ಕೆಲವರು 'ಅಂಕೆ ಸರಿಯಿದ್ದರಾಯಿತು, ಬಣ್ಣಬಡಿವಾರವೇಕೆ?' ಎಂದು ಕೇಳಬಹುದು. ಯಕ್ಷಗಾನವನ್ನು ಕಂಡ ನಮ್ಮವರಿಗೆ ಇದರ ಉತ್ತರ ಕಷ್ಟವಲ್ಲ. ವೇಷಧಾರಿಯು ರಂಗಕ್ಕೆ ಬಂದಾಗ, ಅವನು ಬಾಯಿ ತೆರೆಯುವ ಮುನ್ನವೇ, ಇದು ರಾಜವೇಷ, ಇದು ಬಣ್ಣದ ವೇಷ, ಇದು ಸ್ತ್ರೀವೇಷವೆಂದು ಕೊನೆಯ ಸಾಲಿನಲ್ಲಿ ಕುಳಿತ ಬಾಲಕನೂ ಬಲ್ಲನು. ವೇಷವು ಅಲಂಕಾರಕ್ಕಾಗಿ ಮಾತ್ರವಲ್ಲ; ಪಾತ್ರವನ್ನು ಗುರುತಿಸುವುದಕ್ಕಾಗಿ. ಕೋಷ್ಟಕದಲ್ಲಿಯೂ ತಲೆಬರಹ, ಬಿಡಿ ಅಂಕೆ, ಉಪಮೊತ್ತ, ಒಟ್ಟು ಮೊತ್ತ ಎಂಬ ಪಾತ್ರಗಳಿವೆ. ಎಲ್ಲವೂ ಒಂದೇ ಉಡುಗೆಯಲ್ಲಿ ನಿಂತರೆ ಓದುಗನು ಉಪಮೊತ್ತವನ್ನು ಬಿಡಿ ಅಂಕೆಯೆಂದು ಭಾವಿಸಿ ಎರಡೆರಡು ಸಲ ಕೂಡಿಸುವನು. ತಪ್ಪಾದ ಪಾತ್ರಕ್ಕೆ ದೊಡ್ಡ ಕಿರೀಟವನ್ನಿಟ್ಟರೆ ಅವನ ಕಣ್ಣು ನೋಡಬೇಕಾದುದನ್ನು ಬಿಟ್ಟು ಬೇರೆಡೆಗೆ ಹೋಗುವುದು.

ಇದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುವೆವು. ಕೆಳಗಿನ ಅಂಕೆಗಳು ಯಾವ ಶಾಲೆಯವೂ ಅಲ್ಲ, ವಿವರಣೆಗಾಗಿ ಕಲ್ಪಿಸಿದವು. ಐದರಿಂದ ಹತ್ತರವರೆಗೆ ತರಗತಿಗಳುಳ್ಳ ಒಂದು ಕನ್ನಡ ಮಾಧ್ಯಮ ಶಾಲೆಯ ಎರಡು ವರ್ಷಗಳ ದಾಖಲಾತಿಯನ್ನು ಸಾಲಿಗೊಂದು ಮಗುವಿನಂತೆ 358 ಸಾಲುಗಳಲ್ಲಿ ಬರೆದು ಸಾರಕೋಷ್ಟಕವನ್ನು ಮಾಡಿದಾಗ ಹೀಗೆ ಬಂದಿತೆಂದು ತಿಳಿಯಿರಿ:

ತರಗತಿ — ಕಳೆದ ವರ್ಷ — ಈ ವರ್ಷ
5 — 31 — 30
6 — 33 — 31
7 — 34 — 33
ಹಿರಿಯ ಪ್ರಾಥಮಿಕ ಮೊತ್ತ — 98 — 94
8 — 30 — 21
9 — 29 — 30
10 — 27 — 29
ಪ್ರೌಢಶಾಲಾ ಮೊತ್ತ — 86 — 80
ಒಟ್ಟು — 184 — 174

ಈ ಕೋಷ್ಟಕದ ಕೊನೆಯ ಸಾಲಿಗೆ ಕಡುನೀಲಿ ಬಣ್ಣವನ್ನು ಬಳಿದು, ಬಿಳಿಯ ದಪ್ಪ ಅಕ್ಷರಗಳಲ್ಲಿ 184, 174 ಎಂದು ತೋರಿಸಿ, ಉಳಿದುದನ್ನು ತೆಳುವಾಗಿ ಬಿಟ್ಟರೆ, ಸಭೆಯಲ್ಲಿ ಕುಳಿತವರು ಏನು ತಿಳಿಯುವರು? 'ಹತ್ತು ಮಕ್ಕಳು ಕಡಮೆಯಾದರು; ಇರಲಿ, ಎಲ್ಲೆಡೆಯೂ ಹೀಗೆಯೇ' ಎಂದು ಸಮಾಧಾನ ಪಟ್ಟುಕೊಂಡು ಮುಂದಿನ ವಿಷಯಕ್ಕೆ ಹೋಗುವರು. ಆದರೆ ತರಗತಿಯ ಸಾಲುಗಳು ಒಂದರಿಂದೊಂದು ಸ್ಪಷ್ಟವಾಗಿ ಬೇರೆಯಾಗಿ ಕಾಣುವಂತಿದ್ದರೆ ಜಾಣನಾದ ಓದುಗನು ಓರೆಯಾಗಿ ಓದುವನು. ಕಳೆದ ವರ್ಷ ಐದರಲ್ಲಿದ್ದ 31 ಮಂದಿ ಈ ವರ್ಷ ಆರರಲ್ಲಿ 31 ಮಂದಿಯೇ. ಆರರ 33 ಮಂದಿ ಏಳರಲ್ಲಿ 33. ಎಂಟರ 30 ಒಂಬತ್ತರಲ್ಲಿ 30. ಒಂಬತ್ತರ 29 ಹತ್ತರಲ್ಲಿ 29. ಒಂದೇ ಒಂದು ಕಡೆ ಈ ಎಳೆ ಕಡಿದಿದೆ: ಏಳರಲ್ಲಿದ್ದ 34 ಮಂದಿಯ ಸ್ಥಾನದಲ್ಲಿ ಎಂಟರಲ್ಲಿ 21 ಮಂದಿ ಮಾತ್ರ! ಹದಿಮೂರು ಮಂದಿ ಮಕ್ಕಳು ಆ ಒಂದು ಮೆಟ್ಟಿಲಿನಲ್ಲಿ ಶಾಲೆಯನ್ನು ಬಿಟ್ಟು ಹೋದರು. ಹೊಸದಾಗಿ ಐದನೆಯ ತರಗತಿಗೆ ಬಂದವರು 30, ಹತ್ತನ್ನು ಮುಗಿಸಿ ಹೋದವರು 27. ಹೀಗೆ ಬಂದ ಮೂವರ ಹೆಚ್ಚಳವು ಹದಿಮೂರನ್ನು ಹತ್ತಾಗಿ ತೋರಿಸಿತು. ಒಟ್ಟು ಮೊತ್ತವು ಸುಳ್ಳನ್ನು ಹೇಳಲಿಲ್ಲ. ಆದರೆ ಸತ್ಯದ ಮುಖ್ಯಭಾಗವನ್ನು ಮರೆಮಾಡಿತು.

ಗಡಿಯಾಚೆಯ ನಮ್ಮಂಥ ಶಾಲೆಗಳಿಗೆ ಇದು ಬರಿಯ ಗಣಿತದ ಚಮತ್ಕಾರವಲ್ಲ. ಕೇರಳದಲ್ಲಿ ಶಾಲಾವರ್ಷದ ಆರನೆಯ ಕೆಲಸದ ದಿನದಂದು ತರಗತಿಯಲ್ಲಿರುವ ಮಕ್ಕಳ ಎಣಿಕೆಯನ್ನು ಆಧಾರವಾಗಿಟ್ಟು ಅಧ್ಯಾಪಕರ ಹುದ್ದೆಗಳನ್ನು ನಿಶ್ಚಯಿಸುತ್ತಾರೆ. ಮಕ್ಕಳು ಕಡಮೆಯಾದರೆ ವಿಭಾಗ ಹೋಗುವುದು; ವಿಭಾಗ ಹೋದರೆ ಅಧ್ಯಾಪಕರ ಹುದ್ದೆ ಹೋಗುವುದು; ಹುದ್ದೆ ಹೋದಲ್ಲಿ ಕನ್ನಡದ ಒಂದು ತರಗತಿಯೇ ಬಡವಾಗುವುದು. ಆದುದರಿಂದ ಎಳೆಯು ಎಲ್ಲಿ ಕಡಿಯಿತೆಂಬುದನ್ನು ಜೂನ್ ತಿಂಗಳಿಗೆ ಮೊದಲೇ ಕಾಣುವ ಕಣ್ಣು ಶಾಲೆಗೂ ಬೇಕು, ಸೊಸೈಟಿಗೂ ಬೇಕು, ಹೆತ್ತವರಿಗೂ ಬೇಕು. ಆ ಕಣ್ಣಿಗೆ ಕೋಷ್ಟಕದ ಉಡುಗೆಯು ಕನ್ನಡಕದಂತೆ ನೆರವಾಗುತ್ತದೆ.

ಇನ್ನು ಉಡುಗೆಯ ವಿಧಾನವನ್ನು ನೋಡೋಣ. ಪೇಟೆಯಲ್ಲಿ ಅಚ್ಚಾದ ಗೆರೆಗಳುಳ್ಳ ಹಾಜರಿ ಪುಸ್ತಕವು ಸಿಕ್ಕುತ್ತದೆ. ಬೇಕಾದವರು ಬಿಳಿಯ ಹಾಳೆಯ ಮೇಲೆ ಪಟ್ಟಿಯನ್ನಿಟ್ಟು ಕೆಂಪು ಮಸಿಯಿಂದ ತಮಗೆ ಬೇಕಾದಂತೆ ಗೆರೆ ಎಳೆದುಕೊಳ್ಳುತ್ತಾರೆ. ಗಣಕದಲ್ಲಿಯೂ ಹೀಗೆಯೇ ಎರಡು ಮಾರ್ಗಗಳಿವೆ: ಸಿದ್ಧರೂಪ ಮತ್ತು ಸ್ವಂತರೂಪ.

ಎಕ್ಸೆಲ್‌ನಲ್ಲಿ ಸಾರಕೋಷ್ಟಕದ ಯಾವುದಾದರೊಂದು ಮನೆಯ ಮೇಲೆ ಗುಂಡಿಯೊತ್ತಿದರೆ ಮೇಲ್ಭಾಗದಲ್ಲಿ ಡಿಸೈನ್ ಎಂಬ ಪಟ್ಟಿ ತೆರೆಯುವುದು. ಅಲ್ಲಿ ಪಿವಟ್ ಟೇಬಲ್ ಸ್ಟೈಲ್ಸ್ ಎಂಬ ಚಿತ್ರಶಾಲೆಯಿದೆ. ಅದರಲ್ಲಿ ತಿಳಿಬಣ್ಣದವು 28, ಮಧ್ಯಮಬಣ್ಣದವು 28, ಕಡುಬಣ್ಣದವು 28, ಹೀಗೆ ಒಟ್ಟು 84 ಸಿದ್ಧರೂಪಗಳು. ನಾವೇನನ್ನೂ ಆರಿಸದಿದ್ದರೆ ತಿಳಿಬಣ್ಣದ ವರ್ಗದ 16ನೆಯ ರೂಪವು ತಾನಾಗಿಯೇ ಬರುವುದು. ಮೌಸನ್ನು ಒಂದೊಂದರ ಮೇಲೆ ತಂದಂತೆ ಕೋಷ್ಟಕವು ಆ ಉಡುಗೆಯಲ್ಲಿ ಹೇಗೆ ಕಾಣುವುದೆಂದು ತೋರುವುದು, ಒಪ್ಪಿಗೆಯಾದರೆ ಒತ್ತಿದರಾಯಿತು. ಈ ರೂಪಗಳ ಬಣ್ಣಗಳು ಆ ಕಡತಕ್ಕೆ ಆರಿಸಿದ ವರ್ಣಸಮೂಹವನ್ನು, ಎಂದರೆ ಥೀಮನ್ನು, ಅನುಸರಿಸುತ್ತವೆ. ಥೀಮ್ ಬದಲಾದರೆ 84ರ ಬಣ್ಣಗಳೂ ಬದಲಾಗುತ್ತವೆ.

ಅದೇ ಡಿಸೈನ್ ಪಟ್ಟಿಯಲ್ಲಿ ನಾಲ್ಕು ಚಿಕ್ಕ ಚೌಕಗಳಿವೆ. ರೋ ಹೆಡರ್ಸ್, ಕಾಲಮ್ ಹೆಡರ್ಸ್ ಎಂಬವು ಎಡಬದಿಯ ಮತ್ತು ಮೇಲ್ಬದಿಯ ತಲೆಬರಹಗಳಿಗೆ ವಿಶೇಷ ಉಡುಗೆ ಕೊಡುವವು. ಬ್ಯಾಂಡೆಡ್ ರೋಸ್ ಎಂಬುದು ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣದ ಪಟ್ಟೆ ಅಥವಾ ಗೆರೆ ಹಾಕುವುದು. ಬ್ಯಾಂಡೆಡ್ ಕಾಲಮ್ಸ್ ಎಂಬುದು ಕಂಬಸಾಲುಗಳಿಗೆ ಹಾಗೆಯೇ. ನಮ್ಮ ಉದಾಹರಣೆಯಲ್ಲಿ ಅಡ್ಡಸಾಲಿನ ಪಟ್ಟೆಯೊಂದೇ ಸಾಕು. ಎರಡನ್ನೂ ಹಾಕಿದರೆ ಕೋಷ್ಟಕವು ಚೌಕಳಿ ಲುಂಗಿಯಂತಾಗಿ ಅಂಕೆಗಳು ಮರೆಯಾಗುತ್ತವೆ.

ವಿನ್ಯಾಸವನ್ನೂ ಇಲ್ಲಿಯೇ ಆರಿಸಬೇಕು. ರಿಪೋರ್ಟ್ ಲೇಔಟ್ ಎಂಬಲ್ಲಿ ಕಾಂಪ್ಯಾಕ್ಟ್, ಔಟ್‌ಲೈನ್, ಟ್ಯಾಬ್ಯುಲರ್ ಎಂದು ಮೂರು ಬಗೆಗಳಿವೆ. ಕಾಂಪ್ಯಾಕ್ಟ್ ಬಗೆಯಲ್ಲಿ ವಿಭಾಗವೂ ತರಗತಿಯೂ ಒಂದೇ ಕಂಬದಲ್ಲಿ, ಸ್ವಲ್ಪ ಒಳಸರಿದು ನಿಲ್ಲುತ್ತವೆ, ಜಾಗ ಉಳಿಯುತ್ತದೆ. ಟ್ಯಾಬ್ಯುಲರ್ ಬಗೆಯಲ್ಲಿ ವಿಭಾಗಕ್ಕೊಂದು, ತರಗತಿಗೊಂದು ಕಂಬ ದೊರೆತು, ಉಪಮೊತ್ತವು ಗುಂಪಿನ ಕೆಳಗೆ ಬರುತ್ತದೆ. ನಮ್ಮ ಹಳೆಯ ಲೆಕ್ಕಪುಸ್ತಕಗಳ ಪದ್ಧತಿಯೂ ಇದೇ ಆದುದರಿಂದ ಹಿರಿಯರಿಗೆ ಓದಲು ಇದು ಸುಲಭ.

ಸಿದ್ಧರೂಪಗಳು ಸಾಲದಾದಾಗ ಸ್ವಂತರೂಪವನ್ನು ಮಾಡಿಕೊಳ್ಳಬಹುದು. ಸಿದ್ಧರೂಪವನ್ನು ನೇರವಾಗಿ ತಿದ್ದಲು ಎಕ್ಸೆಲ್ ಬಿಡುವುದಿಲ್ಲ. ಆದರೆ ಹತ್ತಿರದ್ದೊಂದನ್ನು ಆರಿಸಿ, ಮೌಸಿನ ಬಲಗುಂಡಿಯನ್ನೊತ್ತಿ, ಡ್ಯೂಪ್ಲಿಕೇಟ್ ಎಂಬುದರಿಂದ ಅದರ ಪ್ರತಿಯನ್ನು ತೆಗೆದು, ಆ ಪ್ರತಿಯನ್ನು ತಿದ್ದಬಹುದು. ಮೊದಲಿಂದ ರಚಿಸಬೇಕೆಂದಿದ್ದರೆ ಚಿತ್ರಶಾಲೆಯ ಕೆಳಭಾಗದಲ್ಲಿ ನ್ಯೂ ಪಿವಟ್ ಟೇಬಲ್ ಸ್ಟೈಲ್ ಎಂಬುದಿದೆ. ಆಗ ಕೋಷ್ಟಕದ ಅಂಗಾಂಗಗಳ ಪಟ್ಟಿಯೊಂದು ತೆರೆಯುವುದು: ಇಡೀ ಕೋಷ್ಟಕ, ತಲೆಬರಹದ ಸಾಲು, ಮೊದಲ ಕಂಬ, ಒಂದನೆಯ ಪಟ್ಟೆ, ಎರಡನೆಯ ಪಟ್ಟೆ, ಉಪಮೊತ್ತದ ಸಾಲು, ಉಪಶೀರ್ಷಿಕೆ, ಒಟ್ಟು ಮೊತ್ತದ ಸಾಲು ಇತ್ಯಾದಿ. ಒಂದೊಂದನ್ನು ಆರಿಸಿ ಅಕ್ಷರದ ದಪ್ಪ ಮತ್ತು ಬಣ್ಣ, ಅಂಚುಗೆರೆ, ಹಿನ್ನೆಲೆ ಎಂಬ ಮೂರನ್ನು ನಿಶ್ಚಯಿಸಬೇಕು. ಅಕ್ಷರದ ಜಾತಿಯನ್ನೂ ಗಾತ್ರವನ್ನೂ ಈ ಮಾರ್ಗದಿಂದ ಬದಲಿಸಲು ಬರುವುದಿಲ್ಲ.

ನಮ್ಮ ಉದಾಹರಣೆಯ ಕೋಷ್ಟಕಕ್ಕೆ ನಾವು ಸೂಚಿಸುವ ಉಡುಗೆ ಇಷ್ಟೇ: ತಲೆಬರಹಕ್ಕೆ ದಪ್ಪ ಅಕ್ಷರ ಮತ್ತು ಕೆಳಗೊಂದು ಗೆರೆ. ತರಗತಿಯ ಸಾಲುಗಳಿಗೆ ಬಿಳಿ ಮತ್ತು ಅತಿ ತಿಳಿಯಾದ ಬೂದುಬಣ್ಣದ ಪಟ್ಟೆ. ಉಪಮೊತ್ತದ ಮೇಲೆ ತೆಳುಗೆರೆ, ಅಕ್ಷರ ದಪ್ಪ, ಹಿನ್ನೆಲೆ ಬೇಡ. ಒಟ್ಟು ಮೊತ್ತದ ಮೇಲೆ ಜೋಡಿಗೆರೆ. ಕಡುಬಣ್ಣ ಎಲ್ಲಿಯೂ ಬೇಡ. ಇದರಿಂದ ಮೊತ್ತವು ಮೊತ್ತವೆಂದು ತಿಳಿಯುವುದು. ಆದರೆ ತರಗತಿಯ ಸಾಲನ್ನು ಅದು ನುಂಗುವುದಿಲ್ಲ.

ಈ ಸ್ವಂತರೂಪಕ್ಕೆ ಒಂದು ಹೆಸರನ್ನು ಕೊಟ್ಟು ಉಳಿಸಿ, ಆ ಕಡತದಲ್ಲಿ ಮುಂದೆ ಮಾಡುವ ಸಾರಕೋಷ್ಟಕಗಳೆಲ್ಲಕ್ಕೂ ಅದೇ ಬರುವಂತೆ ವಿಧಿಸಬಹುದು. ಒಂದು ಮಾತು ನೆನಪಿರಲಿ: ಸ್ವಂತರೂಪವು ಅದನ್ನು ರಚಿಸಿದ ಕಡತದಲ್ಲಿ ಮಾತ್ರ ಇರುತ್ತದೆ. ಬೇರೆ ಕಡತಕ್ಕೆ ಬೇಕಾದರೆ ಆ ಉಡುಗೆ ತೊಟ್ಟ ಕೋಷ್ಟಕವನ್ನು ಅದರ ಹಾಳೆಯೊಡನೆ ಆ ಕಡತಕ್ಕೆ ನಕಲು ಮಾಡಬೇಕು. ಆಗ ರೂಪವೂ ಜತೆಯಲ್ಲಿ ಹೋಗುತ್ತದೆ.

ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಗಣಕ ಕೊಠಡಿಗಳಲ್ಲಿ ಸ್ವತಂತ್ರ ತಂತ್ರಾಂಶಗಳು ಬಳಕೆಯಲ್ಲಿರುವುದರಿಂದ ನಮ್ಮ ಮಕ್ಕಳಿಗೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಹೆಚ್ಚು ಪರಿಚಿತ. ಅದಕ್ಕೆ ಹಣ ತೆರಬೇಕಾಗಿಲ್ಲ. ಮನೆಯ ಗಣಕಕ್ಕೂ ಹಾಕಿಕೊಳ್ಳಬಹುದು. ಅದರ ಕ್ರಮ ಸ್ವಲ್ಪ ಬೇರೆ. ಸಾರಕೋಷ್ಟಕವನ್ನು ರಚಿಸಿದೊಡನೆ ಅದರ ಭಾಗಗಳಿಗೆ ಆರು ಹೆಸರಿನ ರೂಪಗಳು ತಾವಾಗಿಯೇ ಹತ್ತಿಕೊಳ್ಳುತ್ತವೆ: ಮೂಲೆಗೆ ಪಿವಟ್ ಟೇಬಲ್ ಕಾರ್ನರ್, ಅಂಶದ ಹೆಸರಿಗೆ ಫೀಲ್ಡ್, ತರಗತಿ ಮುಂತಾದ ವಿಂಗಡಣೆಗೆ ಕೆಟಗರಿ, ಬಿಡಿ ಅಂಕೆಗೆ ವ್ಯಾಲ್ಯೂ, ಮೊತ್ತದ ಹೆಸರಿಗೆ ಟೈಟಲ್, ಮೊತ್ತದ ಅಂಕೆಗೆ ರಿಸಲ್ಟ್. ಎಫ್11 ಕೀಲಿಯನ್ನೊತ್ತಿದರೆ ರೂಪಗಳ ಪಟ್ಟಿ ಬರುತ್ತದೆ. ಬೇಕಾದುದನ್ನು ಆರಿಸಿ, ಬಲಗುಂಡಿಯಿಂದ ತಿದ್ದುವ ಆಯ್ಕೆಯನ್ನು ತೆಗೆದು ಅಕ್ಷರ, ಗೆರೆ, ಹಿನ್ನೆಲೆಗಳನ್ನು ನಿಶ್ಚಯಿಸಿದರೆ ಆ ಕಡತದ ಎಲ್ಲ ಸಾರಕೋಷ್ಟಕಗಳಲ್ಲಿಯೂ ಆ ಭಾಗ ಒಮ್ಮೆಗೇ ಬದಲಾಗುವುದು. ಇಲ್ಲಿ ಅಕ್ಷರದ ಜಾತಿಯನ್ನೂ ಗಾತ್ರವನ್ನೂ ಬದಲಿಸಲು ಅಡ್ಡಿಯಿಲ್ಲವಾದುದರಿಂದ ಕನ್ನಡದ ಒತ್ತಕ್ಷರಗಳಿಗೆ ಹೊಂದುವ ದೊಡ್ಡ ಅಕ್ಷರಗಳನ್ನು ಇಡಬಹುದು. ಹೀಗೆ ಸಿದ್ಧಗೊಳಿಸಿದ ಕಡತವನ್ನು ಮಾದರಿಯಾಗಿ, ಎಂದರೆ ಟೆಂಪ್ಲೇಟ್ ಆಗಿ, ಉಳಿಸಿಕೊಂಡರೆ ವರ್ಷವರ್ಷವೂ ಅದೇ ಉಡುಗೆಯನ್ನು ಬಳಸಲು ಬರುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳನ್ನು ಇಲ್ಲಿ ಸೇರಿಸುವುದು ಯುಕ್ತ.

ಮೊದಲನೆಯದಾಗಿ, ಮೂಲ ಪಟ್ಟಿಯಲ್ಲಿ ತಿದ್ದುಪಡಿ ಮಾಡಿದ ಮಾತ್ರಕ್ಕೆ ಸಾರಕೋಷ್ಟಕವು ಬದಲಾಗುವುದೆಂದು ನಂಬಬಾರದು. ರಿಫ್ರೆಶ್ ಎಂಬ ಆಜ್ಞೆಯನ್ನು ಕೊಡಬೇಕು. ಮನೆಮನೆಗೆ ಕೈಯಾರೆ ಬಳಿದ ಬಣ್ಣವು ಆಗ ಉಳಿಯುವುದೆಂಬ ಭರವಸೆಯಿಲ್ಲ. ರೂಪದ ಮೂಲಕ ತೊಡಿಸಿದ ಉಡುಗೆಯಾದರೋ, ಸಾಲುಗಳು ಹೆಚ್ಚಿದರೂ ಕುಗ್ಗಿದರೂ ತನ್ನ ಸ್ಥಾನವನ್ನು ತಾನೇ ಹುಡುಕಿಕೊಳ್ಳುತ್ತದೆ. ರೂಪಗಳ ಮುಖ್ಯ ಪ್ರಯೋಜನವೇ ಇದು.

ಎರಡನೆಯದಾಗಿ, ರೂಪವು ಅಂಕೆಯ ಬರೆಹವನ್ನು ನಿಶ್ಚಯಿಸುವುದಿಲ್ಲ. ದಾನದ ಮೊಬಲಗು 125000 ಎಂದು ಬಂದರೆ ಅದನ್ನು 1,25,000 ಎಂದು ತೋರಿಸಲು ಎಕ್ಸೆಲ್‌ನಲ್ಲಿ ವ್ಯಾಲ್ಯೂ ಫೀಲ್ಡ್ ಸೆಟ್ಟಿಂಗ್ಸ್ ಎಂಬಲ್ಲಿರುವ ನಂಬರ್ ಫಾರ್ಮ್ಯಾಟ್‌ಗೆ ಹೋಗಬೇಕು. ಅಲ್ಪವಿರಾಮವು ಲಕ್ಷದ ಪದ್ಧತಿಯಲ್ಲಿ ಬೀಳಬೇಕಾದರೆ ಗಣಕದ ಪ್ರಾದೇಶಿಕ ವ್ಯವಸ್ಥೆಯು ಭಾರತದ್ದಾಗಿರಬೇಕು.

ಮೂರನೆಯದಾಗಿ, ಬರಿದಾದ ಮನೆಯು ಸಂಶಯಕ್ಕೆ ಎಡೆ. ಅಲ್ಲಿ ಯಾರೂ ಇಲ್ಲವೋ, ಬರೆಯಲು ಮರೆತರೋ ಎಂದು ಓದುಗನು ಚಿಂತಿಸಬಾರದು. ಪಿವಟ್ ಟೇಬಲ್ ಆಪ್ಷನ್ಸ್ ಎಂಬಲ್ಲಿ ಬರಿದಾದ ಮನೆಗೆ 0 ಅಥವಾ ಅಡ್ಡಗೆರೆ ಬರುವಂತೆ ಮಾಡಬಹುದು.

ನಾಲ್ಕನೆಯದಾಗಿ, ಬಣ್ಣವೊಂದನ್ನೇ ನೆಚ್ಚಬಾರದು. ಕೆಂಪನ್ನೂ ಹಸುರನ್ನೂ ಬೇರ್ಪಡಿಸಿ ಕಾಣಲಾರದ ಕಣ್ಣುಗಳು ನಮ್ಮ ನಡುವೆ ಇವೆ. ಅಲ್ಲದೆ, ಶಾಲೆಯ ಸೂಚನಾಫಲಕಕ್ಕೆ ಹೋಗುವ ಪ್ರತಿಯು ಸಾಮಾನ್ಯವಾಗಿ ಕಪ್ಪು-ಬಿಳುಪಿನದು. ಕಡುಬಣ್ಣದ ರೂಪವು ಅಲ್ಲಿ ಕರಿಯ ಪಟ್ಟಿಯಾಗಿ ಮಸಿಯನ್ನು ಕುಡಿದು, ಅಂಕೆಯನ್ನು ಅಳಿಸುತ್ತದೆ. ಗೆರೆ ಮತ್ತು ದಪ್ಪ ಅಕ್ಷರಗಳು ಎಲ್ಲಿಯೂ ಮೋಸ ಮಾಡುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸುವೆವು. ನಿಮ್ಮ ಮನೆಯ ಒಂದು ತಿಂಗಳ ಖರ್ಚನ್ನು ದಿನ, ಬಗೆ, ಮೊಬಲಗು ಎಂಬ ಮೂರು ಕಂಬಗಳಲ್ಲಿ ಬರೆಯಿರಿ. ಬಗೆಯ ಪ್ರಕಾರ ಸಾರಕೋಷ್ಟಕವನ್ನು ಮಾಡಿರಿ. ಒಮ್ಮೆ ಕಡುಬಣ್ಣದ ರೂಪವನ್ನೂ ಒಮ್ಮೆ ತಿಳಿಬಣ್ಣದ ರೂಪವನ್ನೂ ತೊಡಿಸಿ, ಎರಡನ್ನೂ ತಾಯಿಗೆ ತೋರಿಸಿ, 'ಅಮ್ಮಾ, ಇದರಲ್ಲಿ ನಿಮಗೆ ಮೊದಲು ಕಂಡುದೇನು?' ಎಂದು ಕೇಳಿರಿ. ಅವರ ಉತ್ತರವೇ ನಿಮ್ಮ ಕೋಷ್ಟಕದ ಪರೀಕ್ಷೆ. ಮಾಡಿದವನಿಗೆ ಚೆನ್ನಾಗಿ ಕಂಡರೆ ಸಾಲದು. ಓದುವವನಿಗೆ ಕಾಣಬೇಕಾದುದು ಕಾಣಬೇಕು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಸಭೆಯಲ್ಲಿ ಕೋಷ್ಟಕವನ್ನು ಹಂಚಿದಾಗ ಕೊನೆಯ ಸಾಲನ್ನು ಮಾತ್ರ ನೋಡಿ ಮಡಚಿಡಬೇಡಿರಿ. ನಿಮ್ಮ ಮಗುವಿನ ತರಗತಿಯ ಸಾಲನ್ನು ಹುಡುಕಿರಿ. ಕಳೆದ ವರ್ಷ ಆ ಮಕ್ಕಳು ಎಷ್ಟಿದ್ದರೆಂದು ಓರೆಯಾಗಿ ನೋಡಿರಿ. ವ್ಯತ್ಯಾಸ ಕಂಡರೆ ಎದ್ದು ಕೇಳಿರಿ. ಕೇಳಿದ ಪ್ರಶ್ನೆಗೆ ಶಾಲೆಯು ಉತ್ತರ ಹೇಳಬೇಕಾಗುವುದು, ಉತ್ತರ ಹೇಳಲು ಹುಡುಕಬೇಕಾಗುವುದು. ಹುಡುಕುವಾಗ ಆ ಹದಿಮೂರು ಎಂಬುದು ಅಂಕೆಯಾಗಿ ಉಳಿಯುವುದಿಲ್ಲ. ಒಬ್ಬನಿಗೆ ಬಸ್ಸು ತಪ್ಪಿತು, ಒಬ್ಬಳ ಮನೆಯವರು ಊರು ಬಿಟ್ಟರು, ಇನ್ನೊಬ್ಬನ ತಂದೆಗೆ ಕನ್ನಡದಲ್ಲಿ ಕಲಿತರೆ ಮುಂದೇನೆಂಬ ಭಯ ಹುಟ್ಟಿತು ಎಂದು ಹದಿಮೂರು ಮನೆಗಳ ಹದಿಮೂರು ಕಾರಣಗಳು ಹೊರಬರುವುವು. ಕೆಲವಕ್ಕೆ ಸೊಸೈಟಿಯು ನೆರವಾಗಬಲ್ಲುದು; ಕೆಲವಕ್ಕೆ ಅಧ್ಯಾಪಕರ ಒಂದು ಮಾತು ಸಾಕಾದೀತು. ಯಂತ್ರವು ಎಣಿಸುವುದು, ರೂಪವು ತೋರಿಸುವುದು. ಆ ಮನೆಗಳ ಬಾಗಿಲು ತಟ್ಟುವ ಕೆಲಸ ಮಾತ್ರ ನಮ್ಮ ನಿಮ್ಮೆಲ್ಲರದು.